ಹಳೆಯ ವರ್ಧಕದ ದುರಸ್ತಿ: ಯಾವುದು ಅಸಲಿ?

ಅಮೆರಿಕದ ಆಂಪೆಗ್ ಸಂಸ್ಥೆ 1969ರಲ್ಲಿ ತಂದ 300 ವಾಟ್‌ಗಳ ಎಸ್.ವಿ.ಟಿ. ಬೇಸ್ ಗಿಟಾರ್ ವರ್ಧಕವನ್ನು ನೀವು ದುರಸ್ತಿಗೆ ಬಿಚ್ಚಿದರೆ ಮೊದಲ ತೊಡಕು ನಿರ್ವಾತ ನಳಿಕೆಗಳದು. ಅದರಲ್ಲಿ ಮೂಲತಃ ಇದ್ದವು ರೇಡಿಯೋ ಪ್ರೇಷಕಗಳಲ್ಲಿ ಬಳಸುವಂಥ ಆರು 6146 ನಳಿಕೆಗಳು. ಅವು ಸಿಗದಿದ್ದಾಗ ಹಲವರು 6550 ಹಾಕುತ್ತಾರೆ. 6146ರ ಆನೋಡ್ ಸಂಪರ್ಕ ಗಾಜಿನ ನೆತ್ತಿಯಲ್ಲಿದೆ, 6550ರದು ಬುಡದಲ್ಲಿ. ಆದ್ದರಿಂದ ತಂತಿ ಜೋಡಣೆ, ಗ್ರಿಡ್ ಬಯಾಸ್ ಎರಡನ್ನೂ ಬದಲಿಸಬೇಕು. ತಯಾರಕರೇ ಮುಂದೆ 6550ಕ್ಕೆ ಹೊರಳಿದ್ದರಿಂದ ಈ ಮಾರ್ಪಾಡನ್ನು ಆಕ್ಷೇಪಿಸಲಾಗದು. ಅದನ್ನು ಮುಚ್ಚಿಟ್ಟು ‘ಅಸಲಿ’ ಎನ್ನುವುದನ್ನು ಆಕ್ಷೇಪಿಸಬೇಕು. ಒಳಗೆ ಸುಮಾರು 700 ವೋಲ್ಟ್ ಇರುತ್ತದೆ. ಹಳೆಯ ನಕ್ಷೆಯನ್ನು ನಂಬಿ ಕೈಹಾಕುವವರ ಜೀವಕ್ಕೇ ಅಪಾಯ. ಒಣಗಿದ ಎಲೆಕ್ಟ್ರೊಲೈಟಿಕ್ ಧಾರಕಗಳನ್ನು ‘ಮೂಲದ್ದು’ ಎಂದು ಉಳಿಸುವುದೂ ಸಲ್ಲದು. ಅವನ್ನು ಬದಲಿಸಿ. ಮಾಡಿದ ಬದಲಾವಣೆಗಳನ್ನೆಲ್ಲ ದಿನಾಂಕದೊಡನೆ ಬರೆದು ಪೆಟ್ಟಿಗೆಯೊಳಗೆ ಅಂಟಿಸಿಡಿ.