ರಸ್ತೆ ಪಂದ್ಯದ ಸಾಮಾಜಿಕ: ವೆಚ್ಚವನ್ನೂ ಪ್ರೇಕ್ಷಕರ ರಕ್ಷಣೆಯನ್ನೂ ಕುರಿತ ಒಂದು ವಿವೇಚನೆ

ಮೋಟಾರು ಸೈಕಲ್ಲಿನ ರಸ್ತೆ ಪಂದ್ಯವು ಕಾವ್ಯಮೀಮಾಂಸೆಯ ಅಭ್ಯಾಸಿಗಳಿಗೆ ವಿಷಯವಾಗಬಲ್ಲುದೇ ಎಂಬ ಸಂದೇಹ ವಾಚಕರಿಗೆ ಬರುವುದು ಸಹಜ. ಆದರೆ ಸಾವಿರಾರು ಜನ ನೆರೆದು ಕಣ್ಣಿಟ್ಟು ನೋಡುವ ದೃಶ್ಯ ಯಾವುದೇ ಆಗಲಿ, ನೋಡುವವನ ಸ್ಥಾನವೇನೆಂಬ ಹಳೆಯ ಪ್ರಶ್ನೆಯನ್ನು ಎತ್ತದೆ ಬಿಡುವುದಿಲ್ಲ. ಕಾರವಾರ, ಅಂಕೋಲೆಗಳ ಕಡೆಯ ವಿದ್ಯಾರ್ಥಿಗಳು ಇಂತಹ ಪಂದ್ಯಗಳನ್ನು ಇಂದು ಅಂಗೈಯೊಳಗಿನ ಪರದೆಯ ಮೇಲೆ ನೋಡುತ್ತಾರೆ. ನೋಡಿ, ನಮ್ಮ ರಸ್ತೆಯಲ್ಲಿಯೂ ಇದು ಏಕಾಗಬಾರದೆಂದು ಕೇಳುತ್ತಾರೆ. ಇತ್ತ ಈ ಕ್ರೀಡೆಯ ಅಭಿಮಾನಿಗಳು ಬೇರೊಂದು ಮಾತನ್ನು ಹೇಳತೊಡಗಿದ್ದಾರೆ. ವೆಚ್ಚವು ತಾಳಲಾರದಷ್ಟು ಏರಿದೆ, ಪ್ರೇಕ್ಷಕರ ರಕ್ಷಣೆಗಾಗಿ ಮಾಡಿದ ನಿಯಮಗಳೇ ಪಂದ್ಯವನ್ನು ಕೊಲ್ಲುತ್ತಿವೆ ಎಂಬುದು ಅವರ ದೂರು. ವೆಚ್ಚಕ್ಕೂ ರಕ್ಷಣೆಗೂ ವೈರವನ್ನು ಕಲ್ಪಿಸುವ ಈ ವಾದವನ್ನು ನಾವು ಇಲ್ಲಿ ಪರೀಕ್ಷಿಸಬೇಕೆಂದಿದ್ದೇವೆ.

ಮೊದಲು ಪಂದ್ಯದ ಸ್ವರೂಪ. ಇದು ಕಟ್ಟಿದ ಅಂಗಣದಲ್ಲಿ ನಡೆಯುವುದಲ್ಲ. ಜನ ದಿನವೂ ಓಡಾಡುವ ರಸ್ತೆಯನ್ನು ಕೆಲವು ಗಂಟೆಗಳ ಮಟ್ಟಿಗೆ ಮುಚ್ಚಿ ಅದರ ಮೇಲೆಯೇ ನಡೆಸುವುದು. ಇಂಗ್ಲೆಂಡ್ ಐರ್ಲೆಂಡುಗಳ ನಡುವಣ ಮ್ಯಾನ್ ದ್ವೀಪದಲ್ಲಿ ೧೯೦೭ರಲ್ಲಿ ಆರಂಭವಾದ ‘ಟಿ.ಟಿ.’ ಪಂದ್ಯವು ಇದರಲ್ಲಿ ಹೆಸರಾದುದು. ಬ್ರಿಟನ್ನಿನ ಕಾನೂನು ಸಾರ್ವಜನಿಕ ರಸ್ತೆಯ ಪಂದ್ಯಕ್ಕೆ ಎಡೆಗೊಡಲಿಲ್ಲವಾಗಿ, ತನ್ನದೇ ಶಾಸನಸಭೆಯುಳ್ಳ ಈ ದ್ವೀಪವನ್ನು ಆರಿಸಿಕೊಂಡರು. ೧೯೧೧ರಿಂದ ಬಳಕೆಗೆ ಬಂದ ಬೆಟ್ಟದ ದಾರಿಯ ಒಂದು ಸುತ್ತು ಸುಮಾರು ೬೦.೭ ಕಿಲೋಮೀಟರು. ನಮ್ಮ ನೆಲದ ಅಳತೆಯಲ್ಲಿ ಹೇಳುವುದಾದರೆ, ಕಾರವಾರದಿಂದ ಹೊರಟು ಬಿಣಗಾ, ಅರ್ಗಾ, ಚೆಂಡಿಯಾ, ಅಮದಳ್ಳಿ, ಹಾರವಾಡ, ಅವರ್ಸಾಗಳನ್ನು ದಾಟಿ ಅಂಕೋಲೆಯನ್ನು ಮುಟ್ಟಿ, ಮತ್ತೆ ಅಮದಳ್ಳಿಯ ಆಸುಪಾಸಿಗೆ ಮರಳಿದಷ್ಟು ದೂರ. ಇಷ್ಟನ್ನು ೨೦೨೩ರ ದಾಖಲೆಯ ಸವಾರನು ಹದಿನೇಳು ನಿಮಿಷಕ್ಕೂ ಕಡಮೆ ಅವಧಿಯಲ್ಲಿ ಸುತ್ತಿದನು; ಗಂಟೆಗೆ ಸರಾಸರಿ ೨೧೯ ಕಿಲೋಮೀಟರು. ದಾರಿಯ ಇಕ್ಕೆಲದಲ್ಲಿ ಮನೆಗಳು, ಕಲ್ಲಿನ ಪಾಗಾರಗಳು, ಕಂಬಗಳು. ಪ್ರೇಕ್ಷಕರಲ್ಲಿ ಬಹಳ ಮಂದಿ ಕೂಡುವುದೂ ಅಂತಹ ಪಾಗಾರದ ಹಿಂದೆಯೇ, ದರೆಯ ಮೇಲೆಯೇ. ಪಂದ್ಯದ ಆಕರ್ಷಣೆಯ ದೊಡ್ಡ ಪಾಲು ಈ ಸಾಮೀಪ್ಯದಲ್ಲಿದೆಯೆಂಬುದನ್ನು ಮರೆಮಾಚಿ ಫಲವಿಲ್ಲ.

ಇಲ್ಲಿ ನಮ್ಮ ಮೀಮಾಂಸಕರ ನೆರವು ಬೇಕಾಗುತ್ತದೆ. ಭಯಾನಕ ರಸವನ್ನು ವಿವರಿಸುವಾಗ ಅಭಿನವಗುಪ್ತನು ಶಾಕುಂತಲದ ಮೊದಲ ಅಂಕದಲ್ಲಿ ಬಾಣಕ್ಕೆ ಹೆದರಿ ಓಡುವ ಜಿಂಕೆಯನ್ನು ಉದಾಹರಿಸುತ್ತಾನೆ. ಸಹೃದಯನಲ್ಲಿ ಮೂಡುವ ಭಯವು ‘ನಾನು ಹೆದರಿದೆ’ ಎಂಬುದಲ್ಲ, ‘ಅದು ಹೆದರಿತು’ ಎಂಬುದೂ ಅಲ್ಲ. ದೇಶಕಾಲಗಳ ಕಟ್ಟು ಕಳಚಿದ ಭಯವದು. ತನ್ನ ಮೈಗೆ ಅಪಾಯವಿದೆಯೆಂದು ಬಗೆದವನು ಓಡಿಹೋಗುವನೇ ಹೊರತು ಆಸ್ವಾದಿಸಲಾರನು. ಆದುದರಿಂದ ಪ್ರೇಕ್ಷಕನ ಕ್ಷೇಮವು ದೃಶ್ಯಕ್ಕೆ ಹೊರಗಿನಿಂದ ಅಂಟಿಸಿದ ಸೌಕರ್ಯವಲ್ಲ, ರಸಾನುಭವಕ್ಕೇ ಬೇಕಾದ ನೆಲೆ. ನಾಟ್ಯಶಾಸ್ತ್ರದ ಮೊದಲ ಅಧ್ಯಾಯವನ್ನೂ ಇಲ್ಲಿ ನೆನೆಯಬಹುದು. ಮೊದಲ ಪ್ರಯೋಗಕ್ಕೆ ವಿಘ್ನಗಳು ಮುತ್ತಿದ ಬಳಿಕ ಬ್ರಹ್ಮನು ವಿಶ್ವಕರ್ಮನಿಂದ ನಾಟ್ಯಗೃಹವನ್ನು ಕಟ್ಟಿಸಿ, ಅದರ ಒಂದೊಂದು ಭಾಗಕ್ಕೂ ಒಬ್ಬೊಬ್ಬ ದೇವತೆಯನ್ನು ಕಾವಲಿಟ್ಟನಂತೆ. ಅಲ್ಲಿ ರಕ್ಷಣೆ ಬೇಕಾದುದು ಮುಖ್ಯವಾಗಿ ನಟರಿಗೆ, ನಿಜ. ಆದರೆ ಕಾವಲಿಲ್ಲದೆ ಪ್ರಯೋಗವೇ ಇಲ್ಲವೆಂಬ ಅರಿವು ಅಲ್ಲಿಯೇ ಇದೆ. ನಮ್ಮ ಕರಾವಳಿಯ ಬಯಲಾಟದಲ್ಲಿ ಮಹಿಷಾಸುರನ ವೇಷವು ದೊಂದಿಗಳ ಉರಿಯೊಡನೆ ಜನರ ನಡುವಿನಿಂದಲೇ ರಂಗಸ್ಥಳಕ್ಕೆ ಬರುವುದುಂಟು. ಮಕ್ಕಳು ಕಿರುಚುತ್ತಾರೆ, ಹಿರಿಯರು ನಗುತ್ತಾ ದಾರಿಬಿಡುತ್ತಾರೆ. ಬೆಂಕಿ ನಿಜವೇ, ಅದನ್ನು ಹಿಡಿದವರು ಮಾತ್ರ ಜನ ಸರಿಯುವವರೆಗೆ ತಡೆಯಬಲ್ಲರು. ೨೦೦ ಕಿಲೋಮೀಟರು ವೇಗದ ಗಾಡಿಗೆ ತಡೆದು ನಿಲ್ಲುವ ವಿವೇಕವಿಲ್ಲ. ದರೆಯ ಮೇಲೆ ಕುಳಿತವನು ತಾನು ಸಾಮಾಜಿಕನೆಂದು ಬಗೆದಿರುತ್ತಾನೆ. ವಸ್ತುತಃ ರಂಗದ ಮೇಲೆಯೇ ಇರುತ್ತಾನೆ.

‘ತಾನಾಗಿ ಬಂದವನು ಅಪಾಯವನ್ನು ತಾನೇ ಒಪ್ಪಿಕೊಂಡಂತೆ’ ಎಂಬ ಸಮಾಧಾನ ಹಳೆಯದು. ಇಂಗ್ಲೆಂಡಿನ ಬ್ರೂಕ್‌ಲೆಂಡ್ಸ್ ಅಂಗಣದಲ್ಲಿ ೧೯೩೦ರಲ್ಲಿ ಕಾರೊಂದು ಕಟಕಟೆಯನ್ನು ಮೀರಿ ಜನರ ಮೇಲೆ ಬಿದ್ದಾಗ, ಮೊಕದ್ದಮೆಯು ಮೇಲ್ಮನವಿಯ ನ್ಯಾಯಾಲಯದವರೆಗೆ ಹೋಯಿತು. ಅಂಗಣ ತೆರೆದಂದಿನಿಂದ, ಎಂದರೆ ೧೯೦೭ರಿಂದ, ಅಂತಹುದು ನಡೆದಿರಲಿಲ್ಲ. ತಕ್ಕಷ್ಟು ಎಚ್ಚರ ವಹಿಸಿದವರನ್ನು ಹೊಣೆ ಮಾಡಲಾಗದೆಂದು ತೀರ್ಪಾಯಿತು. ಈ ತೀರ್ಪಿನ ಬಲವೆಲ್ಲ ‘ಹಿಂದೆ ನಡೆದಿರಲಿಲ್ಲ’ ಎಂಬುದರಲ್ಲಿದೆ. ಆ ಬಳಿಕ ಎಷ್ಟೋ ನಡೆದುಹೋಯಿತು. ೧೯೫೫ರ ಜೂನ್ ೧೧ರಂದು ಫ್ರಾನ್ಸಿನ ಲ ಮಾನ್ಸ್ ಪಂದ್ಯದಲ್ಲಿ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ೧೯೫೭ರಲ್ಲಿ ಇಟಲಿಯ ಮಿಲ್ಲೆ ಮಿಲ್ಯಾದಲ್ಲಿ ರಸ್ತೆಬದಿಯ ಒಂಬತ್ತು ಮಂದಿ ಮಡಿದರು, ಅವರಲ್ಲಿ ಐವರು ಮಕ್ಕಳು. ಅದರೊಡನೆ ಆ ದೇಶದ ದೂರದಾರಿಯ ಮೋಟಾರು ಸೈಕಲ್ ಪಂದ್ಯಗಳೂ ನಿಂತವು. ಟಿ.ಟಿ.ಯ ದಾರಿಯಲ್ಲಿಯೇ ೨೦೦೭ರಲ್ಲಿ ಒಬ್ಬ ಸವಾರನೊಡನೆ ಇಬ್ಬರು ಪ್ರೇಕ್ಷಕರು ಸತ್ತರು. ೨೦೧೩ರಲ್ಲಿ ಬ್ರೇ ಹಿಲ್ ಇಳಿಜಾರಿನಲ್ಲಿ ಹಲವರು ಗಾಯಗೊಂಡರು. ಇಷ್ಟೆಲ್ಲ ಆದ ಮೇಲೆ ‘ಅನಿರೀಕ್ಷಿತ’ ಎಂಬ ಪದವನ್ನು ಬಳಸುವುದು ಭಾಷೆಗೆ ಮಾಡುವ ಅಪಚಾರ. ಸವಾರನ ಒಪ್ಪಿಗೆ ಬೇರೆ: ಅವನು ದಾರಿಯನ್ನು ಬಲ್ಲ, ಗಾಡಿಯನ್ನು ಬಲ್ಲ, ವರ್ಷಗಟ್ಟಲೆ ಅಭ್ಯಾಸ ಮಾಡಿರುತ್ತಾನೆ. ತಂದೆಯ ಹೆಗಲ ಮೇಲೆ ಕುಳಿತ ಕೂಸು ಏನನ್ನು ಒಪ್ಪಿತು?

ಇನ್ನು ವೆಚ್ಚ. ಗಾಡಿ, ಟಯರು, ಸಾಗಣೆಗಳ ಬೆಲೆಯೇರಿಕೆಯನ್ನು ನಾವು ಇಲ್ಲಿ ಎತ್ತುವುದಿಲ್ಲ. ಅದು ಎಲ್ಲ ಕ್ರೀಡೆಗಳ ಪಾಡು. ರಸ್ತೆ ಪಂದ್ಯವನ್ನು ನಿಜವಾಗಿ ಕಾಡಿರುವುದು ವಿಮೆ. ಉತ್ತರ ಐರ್ಲೆಂಡಿನಲ್ಲಿ ೨೦೨೩ರ ಆರಂಭದಲ್ಲಿ, ಸಾರ್ವಜನಿಕರಿಗೆ ಆಗಬಹುದಾದ ಹಾನಿಯ ಹೊಣೆಗಾಗಿ ತೆರಬೇಕಾದ ವಿಮೆಯ ಕಂತು ಸುಮಾರು ಮೂರು ಪಟ್ಟಾಯಿತೆಂಬ ಕಾರಣದಿಂದ ಆ ವರ್ಷದ ಪಂದ್ಯಗಳನ್ನೆಲ್ಲ ಮೊದಲು ಕೈಬಿಟ್ಟರು. ಆಮೇಲೆ ಅಭಿಮಾನಿಗಳು ಚಂದಾ ಎತ್ತಿ ಕೆಲವನ್ನು ಉಳಿಸಿಕೊಂಡರು. ಅಲ್ಲಿಯ ಹಳೆಯ ಅಲ್ಸ್ಟರ್ ಗ್ರಾಂಡ್ ಪ್ರಿ ಅದಕ್ಕೆ ಮೊದಲೇ ಸಾಲದ ಭಾರದಿಂದ ೨೦೨೦ರಲ್ಲಿ ನಿಂತಿತ್ತು. ಇದನ್ನು ‘ವೆಚ್ಚ ಏರಿತು’ ಎನ್ನುವುದು ವಾಡಿಕೆ. ನಮಗೆ ತೋರುವಂತೆ ಏರಿದುದಕ್ಕಿಂತ ಹೆಚ್ಚಾಗಿ ವೆಚ್ಚವು ಸ್ಥಳ ಬದಲಿಸಿತು. ಮುರಿದ ಕಾಲು, ದುಡಿಯುವವನನ್ನು ಕಳೆದುಕೊಂಡ ಮನೆ, ಮುಂದೆ ವರ್ಷಗಟ್ಟಲೆ ನಡೆಯುವ ಶುಶ್ರೂಷೆ, ಇವು ಮೊದಲಿನಿಂದಲೂ ಪಂದ್ಯದ ವೆಚ್ಚಗಳೇ. ಪ್ರೇಕ್ಷಕನ ಕುಟುಂಬ ಅವನ್ನು ಸದ್ದಿಲ್ಲದೆ ತೆರುತ್ತಿದ್ದುದರಿಂದ ಸಂಘಟಕರ ಖಾತೆಯಲ್ಲಿ ಕಾಣುತ್ತಿರಲಿಲ್ಲ. ವಿಮೆಯವನು ಅವುಗಳಿಗೊಂದು ಅಂಕೆಯನ್ನು ಬರೆದನು, ಅಷ್ಟೆ. (ವಿಮೆಯವನು ಲಾಭವನ್ನು ಬಿಟ್ಟು ಬರೆದನೆಂದು ನಮ್ಮ ಅಭಿಪ್ರಾಯವಲ್ಲ.)

ಈ ಕ್ರೀಡೆಯ ಮೂಲದಲ್ಲಿಯೇ ಇರುವ ತೊಡಕೊಂದನ್ನು ಇಲ್ಲಿ ಗಮನಿಸಬೇಕು. ಬೇಲಿ ಎರಡು ಕೆಲಸ ಮಾಡುತ್ತದೆ: ಜನರನ್ನು ಕಾಯುತ್ತದೆ, ಟಿಕೇಟಿಲ್ಲದವರನ್ನು ಹೊರಗಿಡುತ್ತದೆ. ಬೇಲಿಯಿಲ್ಲದ ರಸ್ತೆಯಲ್ಲಿ ರಕ್ಷಣೆಯೂ ಇಲ್ಲ, ರಕ್ಷಣೆಗೆ ಬೇಕಾದ ಹಣವೂ ಹುಟ್ಟುವುದಿಲ್ಲ. ಯಕ್ಷಗಾನದ ಇತಿಹಾಸ ಬಲ್ಲವರಿಗೆ ಇದು ಹೊಸದಲ್ಲ. ಬಯಲಾಟದ ಖರ್ಚನ್ನು ಹರಕೆ ಹೊತ್ತವನು ತೆರುತ್ತಿದ್ದನು, ಊರೆಲ್ಲ ನೋಡುತ್ತಿತ್ತು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಡೇರೆ ಮೇಳಗಳು ಬಂದಾಗ ಆಟಕ್ಕೊಂದು ಗೋಡೆಯೂ ಬಾಗಿಲೂ ಬಂದವು, ಕಲಾವಿದನ ಸಂಬಳ ಟಿಕೇಟಿನಿಂದ ಹುಟ್ಟಿತು. ಬಯಲಾಟ ಅದರಿಂದ ಅಳಿಯಲಿಲ್ಲ, ಹರಕೆಯ ಯಜಮಾನನಿದ್ದನಲ್ಲ! ರಸ್ತೆ ಪಂದ್ಯಕ್ಕೆ ಅಂತಹ ಯಜಮಾನ ಯಾರು? ಮ್ಯಾನ್ ದ್ವೀಪದಲ್ಲಿ ಸರ್ಕಾರವೇ ಆ ಸ್ಥಾನದಲ್ಲಿದೆ, ಪ್ರವಾಸಿಗಳಿಂದ ಬರುವ ಆದಾಯ ಅದಕ್ಕೆ ಸಮಾಧಾನ. ಐರ್ಲೆಂಡಿನ ಹಳ್ಳಿಯ ಕ್ಲಬ್ಬುಗಳಿಗೆ ಅದೂ ಇಲ್ಲ.

ನಮ್ಮ ದೇಶದಲ್ಲಿ ಪಂದ್ಯವು ಹೆಚ್ಚಾಗಿ ಬೇಲಿಯ ಕಡೆಗೇ ಸಾಗಿದೆ. ಮದರಾಸಿನ ಬಳಿಯ ಶೋಲಾವರಂನ ಹಳೆಯ ಯುದ್ಧಕಾಲದ ವಿಮಾನದಾರಿಯಲ್ಲಿ ಬಹುಕಾಲ ನಡೆದ ಪಂದ್ಯಗಳಿಗೆ ೧೯೯೦ರಲ್ಲಿ ಇರುಂಗಾಟ್ಟುಕೋಟ್ಟೈಯಲ್ಲಿ ಕಾಯಂ ಅಂಗಣ ಸಿಕ್ಕಿತು. ಅಂಗಣವಿದ್ದರೂ ಹಣದ ಚಿಂತೆ ತಪ್ಪುವುದಿಲ್ಲ: ನೋಯ್ಡಾದ ಬುದ್ಧ ಅಂಗಣದಲ್ಲಿ ೨೦೨೩ರ ಸೆಪ್ಟೆಂಬರಿನಲ್ಲಿ ನಡೆದ ಮೋಟೋ ಜಿ.ಪಿ. ಮರುವರ್ಷ ನಡೆಯಲಿಲ್ಲ. ರಸ್ತೆಯಲ್ಲಿ ಇನ್ನೂ ಕಷ್ಟ. ೨೦೧೯ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾಡಮೇರ್ ಜಿಲ್ಲೆಯ ರ‍್ಯಾಲಿಯೊಂದರಲ್ಲಿ, ಪಂದ್ಯದ ದಾರಿಗೆ ಬಂದ ಮೋಟಾರು ಸೈಕಲ್ಲಿಗೆ ಕಾರು ಬಡಿದು ಒಂದೇ ಕುಟುಂಬದ ಮೂವರು ಸತ್ತರು. ಅವರು ಪ್ರೇಕ್ಷಕರೂ ಅಲ್ಲ. ದಾರಿ ತಮ್ಮದೆಂದು ನಂಬಿ ಬಂದವರು. ಮುಚ್ಚಿದ ರಸ್ತೆ ಎಂಬುದು ಹಗ್ಗ ಕಟ್ಟಿದ ಮಾತ್ರಕ್ಕೆ ಮುಚ್ಚುವುದಿಲ್ಲ.

ಕಾರವಾರ–ಅಂಕೋಲೆಗಳ ನಡುವಣ ರಸ್ತೆಗೆ ಮರಳಿ ಬರೋಣ. ಒಂದೆಡೆ ಕಡಲು, ಒಂದೆಡೆ ಗುಡ್ಡ. ೬೬ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಬಿಟ್ಟರೆ ಕರಾವಳಿಯುದ್ದಕ್ಕೆ ಅಷ್ಟು ನೇರವಾದ ಬೇರೆ ದಾರಿಯಿಲ್ಲ. ೨೦೨೪ರ ಜುಲೈ ೧೬ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ದಾರಿ ಹಲವು ದಿನ ಕಟ್ಟಿಹೋದಾಗ, ರಸ್ತೆ ಮುಚ್ಚುವುದೆಂದರೇನೆಂದು ಜಿಲ್ಲೆಗೆ ಪಾಠ ಬೇಕಾಗಲಿಲ್ಲ. ತೀವ್ರ ಚಿಕಿತ್ಸೆಗೆಂದು ರೋಗಿಗಳನ್ನು ಗೋವೆಗೋ ಮಂಗಳೂರು ಮಣಿಪಾಲಗಳಿಗೋ ಸಾಗಿಸುವುದು ಇದೇ ದಾರಿಯಲ್ಲಿ. ಟಿ.ಟಿ.ಯಲ್ಲಿ ಗಾಯಾಳುಗಳನ್ನು ಎತ್ತಲು ಹೆಲಿಕಾಪ್ಟರುಗಳಿರುತ್ತವೆ. ಅವುಗಳ ಬಾಡಿಗೆಯೂ ‘ಏರಿದ ವೆಚ್ಚ’ದೊಳಗೇ ಸೇರುತ್ತದೆ.

ಹೀಗೆಂದು ಸಾಹಸವನ್ನೇ ಹಳಿಯುವುದು ನಮ್ಮ ಇಂಗಿತವಲ್ಲ. ಉಡುಪಿಯ ಕೆ.ಪಿ. ಅರವಿಂದರು ೨೦೧೯ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿದುದು ಕರಾವಳಿಗೆಲ್ಲ ಹೆಮ್ಮೆಯ ಸಂಗತಿ. ಆದರೆ ಅದು ಮರುಭೂಮಿಯ ಓಟ, ಯಾರ ಮನೆಯಂಗಳವೂ ಅದರ ಅಂಚಿನಲ್ಲಿಲ್ಲ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೧೮೯ನೆಯ ಕಲಮು ರಾಜ್ಯ ಸರ್ಕಾರದ ಲಿಖಿತ ಸಮ್ಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಸ್ಪರ್ಧೆ ನಡೆಸುವುದನ್ನು ಅಪರಾಧವೆನ್ನುತ್ತದೆ. ಸಮ್ಮತಿ ಕೇಳಿ ಬಂದವರಿಂದ ಸವಾರರ ಪಟ್ಟಿಗೂ ಬಹುಮಾನದ ಮೊತ್ತಕ್ಕೂ ಮೊದಲು ಎರಡು ಕಾಗದಗಳನ್ನು ಪಡೆಯುವುದು ಯುಕ್ತವೆಂದು ನಾವು ಭಾವಿಸುತ್ತೇವೆ: ಪ್ರತಿಯೊಂದು ತಿರುವಿನಲ್ಲಿಯೂ ಜನ ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು ಎಂಬುದರ ನಕ್ಷೆ, ಅವರಿಗಾಗಿ ತೆತ್ತ ವಿಮೆಯ ರಸೀದಿ.