ಆಫ್‌ಸೈಟಲ್ಲಿ ನಂಬಿಕೆ ಸಿಗುತ್ತಾ?

ಪ್ಯಾಟ್ರಿಕ್ ಲೆನ್ಸಿಯೋನಿಯ 'ದಿ ಫೈವ್ ಡಿಸ್‌ಫಂಕ್ಷನ್ಸ್ ಆಫ್ ಎ ಟೀಮ್' ಬಂದಿದ್ದು 2002ರಲ್ಲಿ. ನಾನು ಮೊದಲ ಸಲ ಲೀಡ್ ಆದಾಗ ಎಚ್‌ಆರ್‌ನವರು ಕೈಗಿಟ್ಟಿದ್ದು ಇದನ್ನೇ. ಒಂದು ಭಾನುವಾರದಲ್ಲಿ ಓದಿ ಮುಗಿಸಬಹುದು, ಯಾಕಂದ್ರೆ ಮುಕ್ಕಾಲು ಪಾಲು ಕತೆ. ಡಿಸಿಷನ್‌ಟೆಕ್ ಅನ್ನೋ ಕಾಲ್ಪನಿಕ ಕಂಪನಿ. ದುಡ್ಡಿದೆ, ಬುದ್ಧಿವಂತರಿದ್ದಾರೆ, ಒಬ್ಬರಿಗೊಬ್ಬರು ಮಾತ್ರ ಆಗಿಬರಲ್ಲ. ಅಲ್ಲಿಗೆ 57 ವರ್ಷದ ಕ್ಯಾಥರಿನ್ ಸಿಇಒ ಆಗಿ ಬರ್ತಾಳೆ.

ನನಗೆ ಇಷ್ಟವಾಗಿದ್ದು ಜಗಳದ ಭಾಗ. ಸಿನಿಮಾ ನಮ್ಮನ್ನು ಹಿಡಿದು ಕೂರಿಸುತ್ತೆ, ಮೀಟಿಂಗ್ ಮಾತ್ರ ಯಾಕೆ ಬೋರು ಅಂತ ಕ್ಯಾಥರಿನ್ ಕೇಳ್ತಾಳೆ. ಸಿನಿಮಾದಲ್ಲಿ ಸಂಘರ್ಷ ಇರುತ್ತೆ, ಮೀಟಿಂಗಲ್ಲಿ ಇರಲ್ಲ. ನಿಜ ತಾನೇ? ಎಲ್ಲರೂ ತಲೆಯಾಡಿಸಿ ಎದ್ದು ಬರ್ತೀವಿ, ಆಮೇಲೆ ಟೀ ಅಂಗಡಿ ಮುಂದೆ ಅಸಲಿ ಮೀಟಿಂಗ್ ಶುರು.

ತೊಡಕಿರೋದು ಬುಡದಲ್ಲಿ. ಲೆನ್ಸಿಯೋನಿಯ ಪಿರಮಿಡ್ಡಿನ ತಳದಲ್ಲಿರೋದು ನಂಬಿಕೆ. ಅಂದ್ರೆ, ನನ್ನ ದೌರ್ಬಲ್ಯವನ್ನು ನಿಮ್ಮ ಮುಂದೆ ಒಪ್ಪಿಕೊಳ್ಳೋ ಧೈರ್ಯ. ಅದಕ್ಕೆ ಕ್ಯಾಥರಿನ್ ತಂಡವನ್ನು ನಾಪಾ ಕಣಿವೆಗೆ ಕರೆದೊಯ್ದು ಊರು, ಒಡಹುಟ್ಟಿದವರು, ಮೊದಲ ಕೆಲಸ ಎಲ್ಲ ಹೇಳಿಸ್ತಾಳೆ. ಆದರೆ ಆ ಮೇಜಿನ ಸುತ್ತ ಕೂತೋರೆಲ್ಲ ವಿಭಾಗಗಳ ಮುಖ್ಯಸ್ಥರು. ಇಲ್ಲಿ ಬಿಟ್ಟರೆ ಇನ್ನೊಂದು ಕಡೆ ಕರೀತಾರೆ ಅನ್ನೋ ಧೈರ್ಯ ಇರೋರು. ನಮ್ಮಲ್ಲಿ ಅದೇ ಆಟವನ್ನು ಪ್ರೊಬೇಷನ್ ಮುಗಿಯದವರ ಕೈಲೂ ಆಡಿಸ್ತಾರೆ. ನಾನಿದ್ದ ಒಂದು ಕಂಪನಿಯ ಆಫ್‌ಸೈಟಲ್ಲಿ ಹೊಸ ಹುಡುಗಿಯೊಬ್ಬಳು ಕ್ಲೈಂಟ್ ಕಾಲ್‌ನಲ್ಲಿ ಮಾತಾಡೋಕೆ ಭಯ ಆಗುತ್ತೆ ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದ್ವಿ. ಮಾರ್ಚ್‌ನ ಅಪ್ರೈಸಲ್‌ನಲ್ಲಿ ಅದೇ ಮಾತು 'ಸುಧಾರಿಸಬೇಕಾದ ಅಂಶ' ಆಗಿ ಕೂತಿತ್ತು. ಮುಂದಿನ ಆಫ್‌ಸೈಟಲ್ಲಿ ಅವಳು ಒಪ್ಪಿಕೊಂಡ ದೌರ್ಬಲ್ಯ: ಚಾಕೊಲೇಟ್.

ದೌರ್ಬಲ್ಯ ಹೇಳಿಕೊಂಡವರನ್ನು ಶಿಕ್ಷಿಸಬಾರದು ಅಂತ ಲೆನ್ಸಿಯೋನಿಯೂ ಹೇಳ್ತಾರೆ. ಹೇಳಿ ಮುಂದೆ ಹೋಗಿಬಿಡ್ತಾರೆ. ಕತೆಯಲ್ಲೇ ನೋಡಿ, ಮಾರ್ಕೆಟಿಂಗ್ ಮುಖ್ಯಸ್ಥೆ ಮೈಕಿ ತಂಡಕ್ಕೆ ಹೊಂದಲ್ಲ ಅಂತ ಕ್ಯಾಥರಿನ್ ಅವಳನ್ನು ಹೊರಗೆ ಕಳಿಸ್ತಾಳೆ. ಉಳಿದವರು ಸ್ವಲ್ಪ ಹೊತ್ತು ತಳಮಳಿಸಿ ಮತ್ತೆ ಒಂದಾಗ್ತಾರೆ. ನಿಜವಾದ ಆಫೀಸಲ್ಲಿ ಆಮೇಲೆ ಬಾಯಿ ಬಿಡೋರು ಯಾರು?

ಇದಕ್ಕಿಂತ ಮುಂಚೆಯೇ, 1990ರ ದಶಕದಲ್ಲಿ, ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳ ತಂಡಗಳನ್ನು ಅಧ್ಯಯನ ಮಾಡಿದ್ದರು. ಚೆನ್ನಾಗಿ ಕೆಲಸ ಮಾಡೋ ತಂಡಗಳಲ್ಲೇ ಔಷಧಿ ಕೊಡೋದರಲ್ಲಿನ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅವರು ಹೆಚ್ಚು ತಪ್ಪು ಮಾಡ್ತಿದ್ರು ಅಂತಲ್ಲ, ಮುಚ್ಚಿಡ್ತಿರಲಿಲ್ಲ. ಮುಚ್ಚಿಡದೇ ಇರೋಕೆ ಕಾರಣ ರೆಸಾರ್ಟ್ ಆಟ ಅಲ್ಲ. ತಪ್ಪು ಹೇಳಿದಾಗ ಮೇಲಿನ ನರ್ಸ್ ಅದನ್ನು ಹೇಗೆ ತಗೊಳ್ತಾರೆ ಅನ್ನೋದು. ಲೆನ್ಸಿಯೋನಿಯ ಕತೆಯಲ್ಲಿ ಈ ಮೇಲಿನವರ ಮೇಲೆ ಕಣ್ಣಿಡೋರೇ ಇಲ್ಲ, ಕ್ಯಾಥರಿನ್ ಹೇಗೂ ಒಳ್ಳೆಯವಳು.

ಪುಸ್ತಕದ ಕೊನೇಲಿ 15 ವಾಕ್ಯಗಳ ಪರೀಕ್ಷೆಯೊಂದಿದೆ. ಒಂದೊಂದಕ್ಕೂ 1ರಿಂದ 3ರವರೆಗೆ ಅಂಕ ಕೊಟ್ಟು ನಮ್ಮ ತಂಡವನ್ನು ನಾವೇ ಅಳೆಯಬೇಕು. ಹೆಸರು ಯಾರಿಗೂ ಗೊತ್ತಾಗಲ್ಲ ಅಂತ ಹೇಳಿ ನಮಗೂ ಕೊಟ್ಟಿದ್ದರು. ಆಫೀಸ್ ಐಡಿಯಿಂದಲೇ ಲಾಗಿನ್ ಆಗಬೇಕಿತ್ತು. ಎಲ್ಲರೂ 3 ಹಾಕಿದ್ವಿ.