ತೊರವಿಯ ಕಮಾನು ಮತ್ತು ಕೊನೆಯ ಬಸ್ಸು

ವಿಜಯಪುರದಿಂದ ಟಿಕೋಟಾ ಕಡೆಗೆ ಹೊರಟರೆ ದಾರಿಯಲ್ಲಿ ತೊರವಿ ಸಿಗುತ್ತದೆ. ಇಲ್ಲಿ ಎರಡನೇ ಇಬ್ರಾಹೀಮ್ ಆದಿಲ್‌ಶಾಹನ ಸಂಗೀತ ಮಹಲ್ ಇದೆ. 2003ರಲ್ಲಿ ಸ್ಥಾಪನೆಯಾಗಿ, 2017ರಲ್ಲಿ ಅಕ್ಕಮಹಾದೇವಿಯ ಹೆಸರು ಪಡೆದ ರಾಜ್ಯ ಮಹಿಳಾ ವಿಶ್ವವಿದ್ಯಾಲಯವೂ ಇದೆ. ಒಂದು ಹಿಂದಿನವರ ಮನರಂಜನೆಯ ಮನೆ, ಇನ್ನೊಂದು ಇಂದಿನವರ ವಿದ್ಯೆಯ ಮನೆ. ಇವೆರಡನ್ನೂ ಒಟ್ಟಿಗೆ ನೋಡುವ ಅಭ್ಯಾಸ ಮಾತ್ರ ನಮಗಿಲ್ಲ.

ಮಹಲನ್ನು ಕಂಡೊಡನೆ ಸುಲ್ತಾನನ ವಿಲಾಸ ಎಂದುಬಿಡುತ್ತೇವೆ. ಅದು ಅರ್ಧ ಸತ್ಯ. 1599ರಲ್ಲಿ ಇಬ್ರಾಹೀಮ್ ಇಲ್ಲಿ ನವರಸಪುರವೆಂಬ ಹೊಸ ನಗರಕ್ಕೆ ಕೈ ಹಾಕಿದ. 'ಕಿತಾಬೆ ನವರಸ್'ನಲ್ಲಿ ಸರಸ್ವತಿಯನ್ನೂ ಬಂದೇ ನವಾಜರನ್ನೂ ದಖನಿಯಲ್ಲಿ ಹಾಡಿದವನು ಅವನು. ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟವನು. ಅಂಥವನಿಗೆ ಹಾಡು ಹೊತ್ತು ಕಳೆಯುವ ದಾರಿಯಾಗಿರಲಿಲ್ಲ. ಕೋಟೆಯೊಳಗಿನ ಗಗನ ಮಹಲ್ 1561ರ ದರ್ಬಾರು ಮಂದಿರ. ಅದರ ದೊಡ್ಡ ಕಮಾನಿನ ರೂಪವೇ ತೊರವಿಯಲ್ಲಿ ಮರಳಿ ಬಂದಿದೆ. ಆಳ್ವಿಕೆಗೆ ಸಲ್ಲುವ ಘನತೆಯನ್ನು ಹಾಡಿಗೂ ಕೊಟ್ಟದ್ದು ಈ ಕಟ್ಟಡದ ದೊಡ್ಡತನ. 1624ರಲ್ಲಿ ಮಲಿಕ್ ಅಂಬರನ ಸೇನೆ ನವರಸಪುರವನ್ನು ಹಾಳುಗೆಡವಿತು.

ಆಟಕ್ಕೂ ಆ ಕಾಲದಲ್ಲಿ ಸ್ಥಾನವಿತ್ತು. ಸಿಂದಗಿ ರಸ್ತೆಯ ಕುಮಟಗಿಯಲ್ಲಿ ಆದಿಲ್‌ಶಾಹಿಗಳ ಜಲವಿಹಾರದ ಮಂಟಪಗಳಿವೆ. ಅಲ್ಲಿನ ಗೋಡೆಗಳ ಮೇಲೆ ಪೋಲೋ ಆಟವನ್ನೂ ಕುಸ್ತಿಯನ್ನೂ ಚಿತ್ರಿಸಿದ್ದರು. ಆ ಚಿತ್ರಗಳು ಈಗ ಬಹಳಷ್ಟು ಮಾಸಿವೆ.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಆ ಹಾಡು, ಆ ಆಟ ಅರಮನೆ ಕರೆದವರಿಗೆ ಮಾತ್ರ. ಕಲ್ಲು ಹೊತ್ತವರ ಮಕ್ಕಳಿಗೆ ಅಲ್ಲಿ ಎಡೆಯಿರಲಿಲ್ಲ. ಆದಿಲ್‌ಶಾಹಿಗಳು ಮುಸ್ಲಿಮರೆಂದು ಅವರನ್ನು ವಿಲಾಸಿಗಳೆಂದು ಜರೆಯುವುದು ವಿಮರ್ಶೆಯಲ್ಲ. ಅದೇ ಕಾರಣಕ್ಕೆ ಅವರ ಎಲ್ಲವನ್ನೂ ಹೊಗಳುವುದೂ ವಿಮರ್ಶೆಯಲ್ಲ.

ಈ ಕೊರತೆಯನ್ನು ತುಂಬಬಲ್ಲದ್ದು ವಿಶ್ವವಿದ್ಯಾಲಯವೆಂಬ ಸಂಸ್ಥೆ. ಅದರ ಮೈದಾನಕ್ಕೆ ಯಾರ ಮಗಳೂ ಬರಬಹುದು. ಕಾಗದದ ಮೇಲೆ ಇದು ನಿಜ. ಆದರೆ ಎಲ್ಲ ಕಡೆಯೂ ಆಟದ ಹೊತ್ತೆಂದರೆ ತರಗತಿ ಮುಗಿದ ಮೇಲಿನ ಸಂಜೆ. ಹಳ್ಳಿಯ ಹುಡುಗಿಗೆ ಅದೇ ಬಸ್ಸಿನ ಹೊತ್ತು. ಟಿಕೋಟಾದವಳಿಗೆ ಒಂದೇ ದಾರಿ. ಬಬಲೇಶ್ವರದವಳು ಮೊದಲು ನಗರಕ್ಕೆ ಮರಳಿ ಬೇರೆ ಬಸ್ಸು ಹಿಡಿಯಬೇಕು. ಕೊನೆಯ ಬಸ್ಸು ತಪ್ಪಿದರೆ ಮನೆಯಲ್ಲಿ ಮಾತು ಬರುತ್ತದೆ. ಮೊದಲು ನಿಲ್ಲುವುದು ಆಟ, ಆಮೇಲೆ ಕೆಲವೊಮ್ಮೆ ಓದೂ ಕೂಡ. ಹುಡುಗಿಗೆ ಆಟವೇಕೆ ಎಂಬ ಪ್ರಶ್ನೆ ನಮ್ಮ ಸಮುದಾಯದ ಮನೆಗಳಲ್ಲೂ ಕೇಳುತ್ತದೆ, ನೆರೆಮನೆಗಳಲ್ಲೂ ಕೇಳುತ್ತದೆ. ಈ ವಿಷಯದಲ್ಲಿ ನಾವೆಲ್ಲ ಒಂದೇ ಜಾತಿ!

ನವರಸಪುರದ ಹೆಸರಿನಲ್ಲಿ ಉತ್ಸವಗಳು ನಡೆದಿವೆ. ನಡೆಯಲಿ, ಬೇಡವೆನ್ನುವುದಿಲ್ಲ. ಆದರೆ ಎರಡು ದಿನದ ದೀಪಾಲಂಕಾರಕ್ಕಿಂತ ವೇಳಾಪಟ್ಟಿಯೊಳಗೇ ಆಟಕ್ಕೊಂದು ಗಂಟೆ, ಆಟ ಮುಗಿದ ಮೇಲೆ ಹೊರಡುವ ಒಂದು ಬಸ್ಸು ದೊಡ್ಡ ಸ್ಮಾರಕ. ಇಬ್ರಾಹೀಮ್ ಹಾಡಿಗೆ ದರ್ಬಾರಿನ ಕಮಾನು ಕೊಟ್ಟ. ನಾವು ನಮ್ಮ ಹೆಣ್ಣುಮಕ್ಕಳಿಗೆ ಕೊಡಬೇಕಾದದ್ದು ಸಂಜೆಯ ಒಂದು ಗಂಟೆ. ಅದನ್ನೂ ಕೊಡಲಾರದವರು ಅವನನ್ನು ವಿಲಾಸಿ ಎಂದು ಕರೆಯುವ ಮೊದಲು ಸ್ವಲ್ಪ ಯೋಚಿಸಬೇಕು.